ಬುಡ ನೋಡದೆ ಔಷಧಿ ಕೊಡದ ಭಾಯಿ

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಹಳದಿಗಟ್ಟಿ, ತುದಿಯಲ್ಲಿ ಸದಾ ಮಣ್ಣು ಮೆತ್ತಿಕೊಂಡಿರುತ್ತಿತ್ತು. ರೈತರು ತಂದ ಗಿಡವನ್ನು ಎಡಗೈಯಲ್ಲಿ ಹಿಡಿದು, ಆ ಉಗುರಿನಿಂದ ಕಾಂಡವನ್ನು ಬುಡದಿಂದ ಮೇಲಕ್ಕೆ ಸೀಳಿ ಒಳಗಿನ ಬಣ್ಣ ನೋಡುತ್ತಿದ್ದರು. ಮೂಸುತ್ತಿದ್ದರು. ಆಮೇಲಷ್ಟೇ ಮಾತು. ಗೌರಿಬಿದನೂರಿನಲ್ಲಿ ಬೀಜ, ಔಷಧಿಗಳ ಅಂಗಡಿ ಇಟ್ಟಿದ್ದ ಅವರನ್ನು ಸುತ್ತಲಿನವರೆಲ್ಲ ಭಾಯಿ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಬರಿಗೈಲಿ ಬಂದು "ಬೆಳೆ ಬಾಡ್ತಾ ಐತೆ, ಏನಾದ್ರೂ ಕೊಡಿ" ಎಂದವರಿಗೆ ಅವರ ಉತ್ತರ ಒಂದೇ: "ಬುಡ ಸಮೇತ ಗಿಡ ತಗೊಂಡ್ ಬನ್ನಿ." ಕೆಲವರು ರೇಗಿ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಭಾಯಿ ತಡೆಯುತ್ತಿರಲಿಲ್ಲ.

ನಾನು ಪ್ರೈಮರಿ ಶಾಲೆಯ ಟೀಚರು. ನಗರಗೆರೆ ಹತ್ತಿರದ ನಮ್ಮ ಹೊಲವನ್ನು ಮಾವನವರು ನೋಡಿಕೊಳ್ಳುತ್ತಿದ್ದರು. ಮಂಡಿನೋವು ಹೆಚ್ಚಾಗಿ ಅವರು ಮನೆಯಲ್ಲೇ ಕೂತಾಗ ಆ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಬೆಳೆಗೆ ಕೈಹಾಕುವ ಧೈರ್ಯವಿಲ್ಲದೆ ಮೂರು ವರ್ಷವೂ ಕಡಲೆಕಾಯಿಯನ್ನೇ ಹಾಕಿದೆ. ಮೂರನೇ ವರ್ಷ ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ಅಲ್ಲಲ್ಲಿ ಬಾಡತೊಡಗಿದವು. ಹಿಡಿದೆಳೆದರೆ ಬೇರು ನೆಲದಲ್ಲೇ ಉಳಿದು ಮೇಲಿನದಷ್ಟೇ ಕೈಗೆ ಬರುತ್ತಿತ್ತು. ಗಾಬರಿಯಲ್ಲಿ ಬಾಡಿದ್ದನ್ನೆಲ್ಲ ಕಿತ್ತು ಬದುವಿನ ಮೇಲೆ ಎಸೆದೆ. ಎರಡು ದಿನ ಮಳೆ ಸುರಿಯಿತು. ಬಾಡುವುದು ನಿಲ್ಲಲಿಲ್ಲ. ಮೂರನೇ ದಿನ ಒಂದು ಗಿಡವನ್ನು ಕವರಿನಲ್ಲಿ ಹಾಕಿಕೊಂಡು ಭಾಯಿಯ ಅಂಗಡಿಗೆ ಹೋದೆ.

ಅವರು ಗಿಡ ನೋಡಿ, ಮಗಳನ್ನು ಅಂಗಡಿಯಲ್ಲಿ ಕೂರಿಸಿ, "ನಡೀರಿ ಟೀಚರಮ್ಮ, ಹೊಲ ನೋಡ್ಬೇಕು" ಎಂದು ಸ್ಕೂಟರು ತೆಗೆದರು.

ಹೊಲದಲ್ಲಿ ಮಂಡಿಯೂರಿ ಕೂತು ಒಂದು ಗಿಡದ ಬುಡದ ಮಣ್ಣು ಸರಿಸಿದರು. ಕಾಂಡದ ಸುತ್ತ ಹತ್ತಿಯಂಥ ಬಿಳಿ ಬೂಸ್ಟು, ಅದರ ನಡುವೆ ಸಾಸಿವೆಯಂಥ ಕಂದು ಕಾಳುಗಳು.

"ಬುಡಕೊಳೆ ರೋಗ ಇದು. ಈ ಕಾಳೇ ಅದರ ಬಿತ್ತನೆ. ಮಣ್ಣಲ್ಲಿ ವರ್ಷಗಟ್ಲೆ ಸಾಯದೆ ಬಿದ್ದಿರ್ತವೆ. ನೀವು ಬೇರೆ ವರ್ಷಾ ವರ್ಷಾ ಕಡಲೆಕಾಯೇ ಹಾಕಿ ಅದಕ್ಕೆ ಊಟ ಬಡಿಸ್ತಾ ಇದೀರಿ."

"ಔಷಧಿ ಇಲ್ವಾ ಭಾಯಿ?"

"ಐತೆ. ಸುತ್ತ ಚೆನ್ನಾಗಿರೋ ಗಿಡಗಳ ಬುಡಕ್ಕೆ ಹುಯ್ಯಣ. ಬಾಡಿದ್ದು ಮಾತ್ರ ಬದುಕಲ್ಲ, ಸುಳ್ಳು ಹೇಳಲ್ಲ ನಾನು. ಕಿತ್ತಿದ್ದೆಲ್ಲ ಎಲ್ಲಿ ಹಾಕಿದ್ರಿ?"

ಬದು ತೋರಿಸಿದೆ. ಅರ್ಧಕ್ಕರ್ಧ ಗಿಡಗಳು ಮಳೆನೀರಿಗೆ ಕೊಚ್ಚಿಕೊಂಡು ಕೆಳಗಿನ ಹೊಲಕ್ಕೆ ಇಳಿದಿದ್ದವು. ಅಲ್ಲೂ ಕಡಲೆಕಾಯಿಯೇ. ಅದು ಒಬ್ಬಳೇ ಬೇಸಾಯ ಮಾಡುವ, ನಾವೆಲ್ಲ ಅಕ್ಕ ಎನ್ನುವ ನೆರೆಯವಳ ಹೊಲ. ಬದುವಿನ ಜಗಳದಿಂದಾಗಿ ನಮ್ಮೆರಡು ಮನೆಗೂ ಮಾತಿರಲಿಲ್ಲ. ಹಾಗಂತ ಭಾಯಿಗೆ ಹೇಳಿದೆ.

"ಹೋಗಿ ಹೇಳಿ," ಎಂದರು.

"ಬೈತಾರೆ ಭಾಯಿ."

"ಬೈಲಿ. ಇವತ್ತು ಹೇಳಿದ್ರೆ ಅವರ ಹೊಲ ಉಳೀತದೆ. ನಾನೂ ಬರ್ತೀನಿ. ಮಾತು ಮಾತ್ರ ನೀವೇ ಆಡ್ಬೇಕು."

ಅವರು ಅಷ್ಟು ಗಡುಸಾಗಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಕೆಳಗಿನ ಹೊಲದಲ್ಲಿ ಅಕ್ಕ ಕಳೆ ತೆಗೆಯುತ್ತಿದ್ದಳು. "ಅಕ್ಕಾ, ತಪ್ಪಾಯ್ತು. ನಮ್ಮ ರೋಗದ ಗಿಡ ನಿಮ್ಮ ಹೊಲಕ್ಕೆ ಬಂದ್ಬಿಟ್ಟಿದಾವೆ" ಎಂದೆ.

"ಓದಿದೋಳು ನೀನು! ಇಷ್ಟು ಗೊತ್ತಾಗಲ್ವೇನಮ್ಮ?" ಎಂದು ಶುರುಮಾಡಿದವಳು ತೆಲುಗಿನಲ್ಲೂ ಒಂದಷ್ಟು ಬೈದಳು. ತಲೆ ತಗ್ಗಿಸಿ ನಿಂತೆ. ಕೊನೆಗೆ ಸುಸ್ತಾಗಿ ಭಾಯಿಯ ಕಡೆ ತಿರುಗಿ, "ಈಗೇನು ಮಾಡಣ ಹೇಳಪ್ಪ" ಎಂದಳು.

"ಚೀಲ ತಗೊಂಡ್ ಬಾರಮ್ಮ. ಕಳೆ ತೆಗೀವಾಗ ಬುಡಕ್ಕೆ ಮಣ್ಣು ಏರಿಸ್ಬೇಡ, ಗಾಳಿ ಆಡ್ಲಿ."

ಮೂವರೂ ಕೊಳೆತ ಗಿಡಗಳನ್ನು ಆಯ್ದು ಚೀಲಕ್ಕೆ ತುಂಬಿ, ಒಣಗಿದ ಮೇಲೆ ಸುಟ್ಟೆವು. ಆ ವರ್ಷ ನನ್ನ ಬೆಳೆ ಅರ್ಧ ಹೋಯಿತು. ಅಕ್ಕನದು ಒಂದು ಮೂಲೆ ಮಾತ್ರ.

ಭಾಯಿ ಹೇಳಿದಂತೆ ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿಸಿ, ಎರಡು ವರ್ಷ ರಾಗಿ ಹಾಕಿದೆ. ಆಮೇಲೆ ಅವರು ಟ್ರೈಕೋಡರ್ಮಾ ಪುಡಿ ಕೊಟ್ಟರು. "ಇದೂ ಬೂಸ್ಟೇ ಅಮ್ಮ, ಒಳ್ಳೇ ಬೂಸ್ಟು. ಕೆಟ್ಟದ್ದನ್ನ ಬೆಳೆಯಕ್ಕೆ ಬಿಡಲ್ಲ. ಜೀವ ಐತೆ ಇದಕ್ಕೆ, ಬಿಸಿಲಿಗೆ ಇಡ್ಬೇಡಿ." ಚೆನ್ನಾಗಿ ಕಳಿತ ಗೊಬ್ಬರಕ್ಕೆ ಅದನ್ನು ಬೆರೆಸಿ, ನೆರಳಿನಲ್ಲಿ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿದೆವು. ಎರಡು ಹೊಲಕ್ಕೂ ಸೇರಿಸಿ ಒಂದೇ ಗುಡ್ಡೆ; ಗೋಣಿ ಅಕ್ಕನದು.

ಮತ್ತೆ ಕಡಲೆಕಾಯಿ ಹಾಕಿದಾಗ ಅಲ್ಲೊಂದು ಇಲ್ಲೊಂದು ಗಿಡ ಬಾಡಿದ್ದು ಬಿಟ್ಟರೆ ಹೊಲ ಹಸಿರಾಗಿ ನಿಂತಿತು. ಕಿತ್ತ ಮೇಲೆ ಭಾಯಿಗೆ ಒಂದು ಮೊರ ಕಾಯಿ ಕೊಟ್ಟು ಬರೋಣವೆಂದು ಅಕ್ಕ, ನಾನು ಇಬ್ಬರೂ ಮಾತಾಡಿಕೊಂಡಿದ್ದೆವು. ಕೀಳುವ ವಾರವೇ ಭಾಯಿ ಎದೆನೋವು ಬಂದು ತೀರಿಕೊಂಡರು.

ಅಕ್ಕ, ನಾನು ಅವರ ಮನೆಗೆ ಹೋದಾಗ, ಅವರನ್ನು ಅಬ್ಬ ಎಂದು ಕರೆಯುತ್ತಿದ್ದ ಮಗಳು ನಮ್ಮ ಪಕ್ಕದಲ್ಲಿ ಕೂತು ಹೇಳಿದಳು: "ಬಹಳ ಹಿಂದೆ ಚಿಂತಾಮಣಿ ಕಡೆ ಅಜ್ಜ ಒಬ್ಬರು ಟೊಮೆಟೊ ಬಾಡ್ತಾ ಐತೆ ಅಂತ ಬಂದಿದ್ರಂತೆ ಆಂಟಿ. ಅಬ್ಬ ಗಿಡಾನೇ ನೋಡ್ದೆ ಎಲೆಗೆ ಹೊಡೆಯೋ ಔಷಧಿ ಕೊಟ್ಟಿದ್ರು. ಕೊಳೀತಿದ್ದಿದ್ದು ಬುಡ. ತೋಟ ಪೂರ್ತಿ ಹೋಯ್ತು. ಹೋಗಿ ತಪ್ಪಾಯ್ತು ಅನ್ನಕ್ಕೆ ಅಬ್ಬಂಗೆ ಧೈರ್ಯ ಬರಲಿಲ್ಲ. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ ಅನ್ನೋಷ್ಟರಲ್ಲಿ ಆ ಅಜ್ಜ ವಯಸ್ಸಾಗಿ ತೀರ್ಕೊಂಡ್ಬಿಟ್ರು."

ಅವಳು ನನ್ನ ಕಡೆ ತಿರುಗಿದಳು.

"ನೀವು ಈ ಅಕ್ಕಂಗೆ ಹೇಳಿದ ದಿನ ಅಬ್ಬ ಮನೆಗೆ ಬಂದು, 'ಟೀಚರಮ್ಮ ಹೇಳೇಬಿಟ್ರು, ನನ್ನ ಎದುರಿಗೇ ಹೇಳಿದ್ರು' ಅಂತ ಅಮ್ಮನ ಹತ್ರ ಎಷ್ಟು ಸಲ ಅಂದ್ರೋ. ಯಾವಾಗ್ಲೂ ಒಂದೇ ಉಣ್ಣೋರು, ಅವತ್ತು ಕೇಳಿ ಹಾಕಿಸ್ಕೊಂಡು ಎರಡು ಮುದ್ದೆ ಉಂಡ್ರು."