ಮೂರು ಅಳತೆಗೆ ಸೇರದವರು

ನಮ್ಮ ಹೊಲಿಗೆ ಟೀಚರ ಬಲಗೈ ಹೆಬ್ಬೆರಳು ಬುಡದಲ್ಲಿ ಹೊರಕ್ಕೆ ಬಾಗಿಕೊಂಡಿತ್ತು. ದೊಡ್ಡ ಕತ್ತರಿಯ ಹಿಡಿ ಉಜ್ಜಿ ಉಜ್ಜಿ ಅಲ್ಲೊಂದು ಕಂದು ಜಡ್ಡು ಕಟ್ಟಿತ್ತು, ಚರ್ಮದೊಳಗೆ ಹುಣಸೆಬೀಜ ಇಟ್ಟು ಹೊಲಿದ ಹಾಗೆ. ಯೋಚನೆ ಮಾಡುವಾಗ ಅದನ್ನು ತೋರುಬೆರಳಿನಿಂದ ನೀವಿಕೊಳ್ಳುತ್ತಿದ್ದರು. ಬಾಯಲ್ಲಿ ಸದಾ ಮೂರೋ ನಾಲ್ಕೋ ಗುಂಡುಸೂಜಿ. ಹಾಗಾಗಿ ಮಾತು ತುಟಿಯ ಒಂದು ಮೂಲೆಯಿಂದ ಮಾತ್ರ ಬರುತ್ತಿತ್ತು. ಸಂತೆಗೆ ಹೋದರೂ ಕೊರಳಲ್ಲಿ ಅಳತೆ ಟೇಪು.

ನಾನು ಅವರ ಬಳಿ ಕಲಿಯಲು ಹೋದಾಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಕಿರುಗಾವಲಿನಿಂದ ಬೆಳಗಿನ ಬಸ್ಸು ಹಿಡಿದು ಮಳವಳ್ಳಿಯಲ್ಲಿ ಇಳಿದರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೇ ಅವರ ಮನೆ. ಮುಂದಿನ ಕೋಣೆಯಲ್ಲಿ ಆರು ಮಿಷನ್ನುಗಳು. ಮೊದಲ ದಿನ ನಾನು ಹಳೆಯ ಪೇಪರಿನಲ್ಲಿ ಕತ್ತರಿಸಿದ ರವಿಕೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಆಕ್ಕೊಂಡೋಳು ಉಸುರಾಡ್ಬೇಕೋ ಬ್ಯಾಡ್ವೋ?" ಎಂದರು. ನನ್ನ ಕಣ್ಣು ತುಂಬಿಕೊಂಡಿತು. "ಅಳ್ಬೇಡ ಕಣಮ್ಮಿ, ಇನ್ನೊಂದು ಪೇಪರ್ ತಗ" ಅಂದವರೇ ಒಳಗೆ ಹೋಗಿ ನನಗೆ ಕಾಫಿ ತಂದರು.

ಟೀಚರು ಮದುವೆಯಾಗಿರಲಿಲ್ಲ. ಜೊತೆಗಿದ್ದವರು ಅವರ ಅಕ್ಕ. ನಾನು ಕಲಿಯುತ್ತಿದ್ದ ಎರಡನೆಯ ವರ್ಷ ಅಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅವರಿಗೆ ರವಿಕೆ ತೊಡಿಸಬೇಕಾದರೆ ಇಬ್ಬರು ಬೇಕು. ಒಬ್ಬರು ಭುಜ ಹಿಡಿದು ಎತ್ತಬೇಕು, ಇನ್ನೊಬ್ಬರು ತೋಳು ಸೇರಿಸಬೇಕು. ಆ ಹೆಂಗಸು ನೋವಿಗೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ತಂಗಿಯ ಕೈ ತಳ್ಳಿ, "ರವ್ಕೆ ಬ್ಯಾಡ ಬುಡೇ, ಒಂದು ದುಪ್ಟಿ ಒದಿಸ್ಬುಡು. ಇನ್ನು ನಾನೆಲ್ಲಿಗೋಗ್ಬೇಕು?" ಎಂದರು.

ಟೀಚರು ಆ ದಿನ ತರಗತಿ ನಡೆಸಲಿಲ್ಲ. ಬಟ್ಟೆ ಹರವಿಕೊಂಡು ಕೂತರು. ನಾಲ್ಕು ರವಿಕೆ ಕೆಡಿಸಿ ಐದನೆಯದರಲ್ಲಿ ಗೆದ್ದರು. ಭುಜದಿಂದ ತೋಳಿನ ತುದಿಯವರೆಗೂ, ಕಂಕುಳಿಂದ ಸೊಂಟದವರೆಗೂ ಬಿಚ್ಚಿಕೊಳ್ಳುವ ರವಿಕೆ. ಗುಂಡಿ, ಹುಕ್ಕು ಯಾವುದೂ ಇಲ್ಲ. ಒತ್ತಿದರೆ ಅಂಟಿಕೊಳ್ಳುವ ಪಟ್ಟಿ. ತೊಟ್ಟ ಮೇಲೆ ನೋಡಿದರೆ ಎಲ್ಲ ರವಿಕೆಯ ಹಾಗೆಯೇ. ಅಕ್ಕ ಅದನ್ನು ಎಡಗೈಯೊಂದರಲ್ಲೇ, ಯಾರ ಸಹಾಯವೂ ಇಲ್ಲದೆ ತೊಟ್ಟುಕೊಂಡರು. ಗೋಡೆ ಹಿಡಿದು ನಡೆದು ಹೋಗಿ ಜಗುಲಿಯ ಮೇಲೆ ಕೂತು, ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು.

ಆ ರವಿಕೆಯ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿದವಳು ನಾನು. ಆನ್‌ಲೈನ್ ಅಂಗಡಿ ತೆರೆಯೋಣ ಎಂದವಳೂ ನಾನೇ. "ಮೈಯ ಮುಟ್ದಲೆ ಎಂಗಮ್ಮಿ ಅಳ್ತೆ ತಗಳದು?" ಎಂದು ಟೀಚರು ವಾರಗಟ್ಟಲೆ ಒಪ್ಪಲಿಲ್ಲ. ಕೊನೆಗೆ ಒಂದು ದಾರಿ ಕಂಡುಕೊಂಡರು. ಆರ್ಡರ್ ಮಾಡಿದ ಪ್ರತಿಯೊಬ್ಬರಿಗೂ ನನ್ನಿಂದ ಫೋನು ಮಾಡಿಸಿ ತಾವೇ ಮಾತಾಡುವುದು. ಎದೆ, ಸೊಂಟ ಎಲ್ಲ ಕೇಳುವುದಕ್ಕೆ ಮೊದಲು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಕೈ ಎಲ್ಲಿಗಂಟ ಏಳ್ತದವ್ವ?" ಆ ಕಡೆ ಕೆಲವರು ಅಳುತ್ತಿದ್ದರು. ಅದನ್ನು ಅವರಿಗೆ ಮೊದಲು ಯಾರೂ ಕೇಳಿರಲಿಲ್ಲವೇನೋ.

ಆರು ವರ್ಷ ಹಾಗೆ ನಡೆಯಿತು. ಲಕ್ವ ಹೊಡೆದವರು, ಎದೆಯ ಆಪರೇಷನ್ ಆದವರು, ಬೆನ್ನು ಗೂನಾದವರು. ಶಿವಮೊಗ್ಗ, ಹುಬ್ಬಳ್ಳಿ, ಮುಂಬೈಯಿಂದ ಆರ್ಡರು. ನಾವು ಐವರು ಹೆಂಗಸರು ಹೊಲಿಯುತ್ತಿದ್ದೆವು. ನನಗೆ ಕಿರುಗಾವಲಿನಲ್ಲೇ ಮದುವೆಯಾಗಿ ಮಗಳು ಹುಟ್ಟಿದ ಮೇಲೂ ನಾನು ಹೋಗುವುದನ್ನು ಬಿಡಲಿಲ್ಲ. ಬಟ್ಟೆ ಕತ್ತರಿಸುವುದು ಮಾತ್ರ ಟೀಚರೇ. ಕತ್ತರಿಯನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಹೆಬ್ಬೆರಳು ಮೊದಲು ನೋಯತೊಡಗಿತು, ಆಮೇಲೆ ಭುಜ. ಅಕ್ಕ ತೀರಿಕೊಂಡ ವರ್ಷದಲ್ಲಿ ಕತ್ತರಿ ಎರಡು ಸಲ ಕೈಯಿಂದ ಜಾರಿ ಬಿತ್ತು. ಮಂಡ್ಯದ ಡಾಕ್ಟರು ಇನ್ನು ಕತ್ತರಿ ಮುಟ್ಟಬೇಡಿ ಎಂದರು. ಟೀಚರು ಮುಟ್ಟಿದರು. ದಿನಕ್ಕೆ ಎಂಟು ಕತ್ತರಿಸುತ್ತಿದ್ದವರು ಮೂರಕ್ಕೆ ಇಳಿದರು, ಆಮೇಲೆ ಒಂದಕ್ಕೆ. ಆರ್ಡರುಗಳು ಎರಡು ತಿಂಗಳು ಹಿಂದೆ ಬಿದ್ದವು.

ಆ ಹೊತ್ತಿನಲ್ಲಿ ಮೈಸೂರಿನ ಒಬ್ಬ ಹೆಂಗಸು ಪತ್ರ ಬರೆದರು. ಅವರದು ಬಟ್ಟೆ ಹೊಲಿಸುವ ಸಣ್ಣ ಕಾರ್ಖಾನೆ. ಅವರ ಅತ್ತೆ ತೊಡುತ್ತಿದ್ದದ್ದು ನಮ್ಮದೇ ರವಿಕೆಯಂತೆ. ನಮ್ಮ ಅಂಗಡಿಯನ್ನು ಹೆಸರು, ವೆಬ್‌ಸೈಟು, ಮಾದರಿಗಳ ಸಮೇತ ಕೊಳ್ಳಲು ಸಿದ್ಧವೆಂದು ಬರೆದಿದ್ದರು.

ನಾನು ಕುದ್ದುಹೋದೆ. ಆ ಅಂಗಡಿ ನನಗೇ ಬರುತ್ತದೆಂದು ನಾನು ಯಾವತ್ತೋ ನಿಶ್ಚಯಿಸಿಕೊಂಡಿದ್ದೆ. ಟೀಚರು ಹಿಂದೆ ಸರಿದು ಕೂತು ಹೇಳಿಕೊಡಲಿ, ನಾನು ನಡೆಸುತ್ತೇನೆ ಎಂದೆ. ಅವರು ಅರ್ಧ ಕತ್ತರಿಸಿದ್ದ ಬಟ್ಟೆಯ ಕಡೆ ತಿರುಗಿದರು.

ಆ ವಾರವೇ ಚಿತ್ರದುರ್ಗದಿಂದ ಒಂದು ಫೋನು ಬಂತು. ಎತ್ತಿದವಳು ನಾನು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿತ್ತು.

"ಮೇಡಂ, ಅಮ್ಮನ ಬ್ಲೌಸು ಇನ್ನು ಕಳಿಸಬೇಡಿ. ಅಮ್ಮ ಸೋಮವಾರ ಹೋಗಿಬಿಟ್ರು."

ನಾನು ಏನೋ ತೊದಲಿದೆ. ಆ ಹುಡುಗಿ ಕೋಪದಿಂದ ಮಾತಾಡಲಿಲ್ಲ, ಅದೇ ಕಷ್ಟವಾಗಿದ್ದು. "ಎರಡು ತಿಂಗಳು ನಮ್ಮಣ್ಣನ ಶರ್ಟೇ ಹಾಕ್ತಿದ್ವಿ. ಯಾರಾದ್ರೂ ನೋಡೋಕೆ ಬಂದ್ರೆ ಅಮ್ಮ ಗೋಡೆ ಕಡೆ ತಿರುಗಿಕೊಳ್ತಿದ್ರು. ದಿನಾ ಕೇಳ್ತಿದ್ರು, ಪಾರ್ಸೆಲ್ ಬಂತಾ ಅಂತ."

ಮಿಷನ್ನುಗಳೆಲ್ಲ ನಿಂತಿದ್ದವು. ಟೀಚರು ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

ಮೈಸೂರಿನ ಹೆಂಗಸು ಬಂದಾಗ ನಾನೂ ಇದ್ದೆ. ಟೀಚರು ಕೇಳಿದರು, "ಆರ್ಡರ್ ಮಾಡ್ದೋರಿಗೆ ಫೋನ್ ಮಾಡೋರ್ಯಾರು?"

ಆಕೆ ಸುಳ್ಳು ಹೇಳಲಿಲ್ಲ. "ಎಲ್ಲರಿಗೂ ಮಾಡೋಕಾಗಲ್ಲ ಟೀಚರ್. ಮೂರು ಅಳತೆ ಇಡ್ತೀವಿ, ಚಿಕ್ಕದು, ಮಧ್ಯದ್ದು, ದೊಡ್ಡದು. ಅವರೇ ಆರಿಸಿಕೊಳ್ತಾರೆ."

ನಾನು ಗೆದ್ದೆ ಎಂದುಕೊಂಡೆ. ಟೀಚರು ಹೆಬ್ಬೆರಳು ನೀವಿಕೊಳ್ಳುತ್ತ ಮುಂದಿನ ಪ್ರಶ್ನೆ ಕೇಳಿದರು. "ಆರ್ಡರ್ ಬಂದ್ ಎಷ್ಟು ದಿನಕ್ಕೆ ಕಳಿಸ್ತೀರಿ?"

"ಮಾರನೇ ದಿನ."

ಟೀಚರು ಎದ್ದು ಹೋಗಿ ಕಾಗದದ ಮಾದರಿಗಳ ಗಂಟನ್ನು ತಂದು ಆಕೆಯ ಮುಂದಿಟ್ಟರು. ಎರಡು ಷರತ್ತು ಹಾಕಿದರು. ಈ ಮಾದರಿಯ ರವಿಕೆಯನ್ನು ಯಾವ ಊರಿನ ಯಾವ ದರ್ಜಿ ಹೊಲಿದರೂ ತಡೆಯಬಾರದು. ಮೂರು ಅಳತೆ ಹಿಡಿಸದವರಿಗೆಂದು ವೆಬ್‌ಸೈಟಿನಲ್ಲಿ ನಮ್ಮ ಫೋನ್ ನಂಬರು ಇರಬೇಕು. ಆಕೆ ಎರಡಕ್ಕೂ ಒಪ್ಪಿದರು.

ಆಕೆ ಹೋದ ಮೇಲೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನನ್ನ ಆರು ವರ್ಷವನ್ನೂ ಸೇರಿಸಿ ಮಾರಿದಿರಿ ಎಂದೆ.

"ನಿನ್ಗೆ ಕೊಡ್ಬೋದಿತ್ತು ಕಣಮ್ಮಿ" ಎಂದರು ಟೀಚರು. "ಆದ್ರೆ ಕತ್ರಿ ಕಲಿಸ್ಲಿಲ್ವಲ್ಲ ನಿನ್ಗೆ. ನನ್ನಂಗೆ ಯಾರೂ ಕತ್ರಿಸಾಕಿಲ್ಲ ಅನ್ನೋ ಜಂಬ ನಂಗೆ. ಆ ಜಂಬದಲ್ಲಿ ಆವಮ್ಮನ್ನ ಗ್ವಾಡೆ ಕಡೀಕ್ ತಿರುಗ್ಸಿ ಮಲಗಿಸ್ಬುಟ್ಟೆ. ನೀನು ಕಲಿಯೋಗಂಟ ಇನ್ನೆಷ್ಟು ಜನ ಕಾಯ್ಬೇಕು?"

ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಮಳವಳ್ಳಿಗೆ ಹೋಗುವುದನ್ನೇ ನಿಲ್ಲಿಸಿದೆ.

ಒಂದು ತಿಂಗಳ ಮೇಲೆ ಟೀಚರು ನಮ್ಮ ಮನೆಗೇ ಬಂದರು. ಬಸ್ಸಿನಲ್ಲಿ ನಿಂತು ಬಂದಿದ್ದರಂತೆ, ಮುಖ ಬೆವೆತಿತ್ತು. ಚೀಲದಿಂದ ಅಂಗಡಿಯ ಮೊಬೈಲು ತೆಗೆದು ನನ್ನ ಮಗಳ ಆಟಿಕೆಗಳ ಪಕ್ಕದಲ್ಲಿ ಇಟ್ಟರು.

"ಮೂರು ಅಳ್ತೆಯೋರ್ನ ಅವ್ರು ತಕ್ಕೊಂಡ್ರು. ಸೇರ್ದೆ ಇರೋರು ನಿನ್ಗೆ. ದಿನಾ ಫೋನ್ ಬತ್ತಾವೆ."

"ನನಗೆ ಕತ್ತರಿಸೋಕೆ ಬರಲ್ಲ ಟೀಚರ್."

"ಬರಾಕಿಲ್ಲ ಅಂತ ಗೊತ್ತು. ಅದ್ಕೇ ಬಂದಿರೋದು. ಬಟ್ಟೆ ತಗ."

ಅಂದಿನಿಂದ ಪ್ರತಿ ಸೋಮವಾರ ಬಂದರು. ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ಕತ್ತರಿ ಕಸಿದುಕೊಂಡುಬಿಡುತ್ತೇನೇನೋ ಎಂಬ ಭಯ ಅವರಿಗೆ. ನಾನು ಕೆಡಿಸಿದ ಬಟ್ಟೆಗಳಲ್ಲಿ ಮಗಳಿಗೆ ಏಳೆಂಟು ಲಂಗವಾಯಿತು. ಗೂನುಬೆನ್ನಿಗೆ ಹಿಂಭಾಗ ಎಷ್ಟು ಇಳಿಬಿಡಬೇಕು, ಒಂದೇ ಎದೆ ಉಳಿದವರಿಗೆ ಹತ್ತಿಯ ದಿಂಬನ್ನು ಎಲ್ಲಿ ಕೂರಿಸಬೇಕು, ಎಲ್ಲವನ್ನೂ ಅವರು ಬರಿಯ ಮಾತಿನಲ್ಲೇ ಕಲಿಸಿದರು. ಕೈ ಮುಂದೆ ಬರಲಿಲ್ಲ. ಅಷ್ಟು ವರ್ಷ ಯಾರಿಗೂ ಬಿಟ್ಟುಕೊಡದ ಕೆಲಸವನ್ನು ಕೈಕಟ್ಟಿ ಕೂತು ಇನ್ನೊಬ್ಬಳಿಂದ ಮಾಡಿಸುವುದು ಅವರಿಗೆ ಎಂಥ ಹಿಂಸೆಯಾಗಿತ್ತೆಂದು ನನಗೆ ಆಗ ಹೊಳೆಯಲಿಲ್ಲ. ಈಗ ನಾನೇ ಇಬ್ಬರಿಗೆ ಕತ್ತರಿ ಕಲಿಸುತ್ತಿದ್ದೇನೆ, ಗೊತ್ತಾಗುತ್ತದೆ.

ಹೋದ ವರ್ಷ ಅವರಿಗೆ ಉಬ್ಬಸ ಜಾಸ್ತಿಯಾಗಿ ಬಸ್ಸು ಹತ್ತಲು ಆಗದಂತಾಯಿತು. ರಾಯಚೂರಿನ ಅಜ್ಜಿಯೊಬ್ಬರಿಗೆಂದು ನಾನು ಯಾರನ್ನೂ ಕೇಳದೆ ಕತ್ತರಿಸಿ ಹೊಲಿದ ರವಿಕೆಯನ್ನು ತೋರಿಸಲು ಮಳವಳ್ಳಿಗೆ ಹೋದೆ. ಅವರು ದಿಂಬಿಗೆ ಒರಗಿ ಕೂತು ಅದನ್ನು ಒಳಹೊರಗು ಮಾಡಿದರು. ಹೊಲಿಗೆಯನ್ನು ಉಗುರಿನಿಂದ ಎಳೆದು ನೋಡಿದರು. ಪಟ್ಟಿಯನ್ನು ಎಡಗೈಯಲ್ಲಿ ಒತ್ತಿ, ಬಿಚ್ಚಿ, ಮತ್ತೆ ಒತ್ತಿದರು. ಒಂದು ಬೈಗುಳವಾದರೂ ಬರುತ್ತದೆಂದು ನಾನು ಕಾದೆ. ಅವರು ನಾಲ್ಕು ಮಡಿಕೆ ಮಡಚಿ ನನ್ನ ಕೈಗೆ ಕೊಟ್ಟರು.

"ಯಾವತ್ತು ಕಳಿಸ್ತೀಯ?"

"ನಾಳೆ ಕಳಿಸ್ತೀನಿ ಟೀಚರ್. ಇವತ್ತು ನಿಮ್ಮ ಜೊತೆ ಇರೋಣ ಅಂತ ಬಂದೆ."

"ನನ್ ಜೊತೆ ಕುಂತು ಏನ್ ಮಾಡೀಯ? ಪೋಸ್ಟಾಪೀಸು ಇನ್ನೂ ತೆಗ್ದಿರ್ತದೆ, ಓಗು."

ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮೂರು ದಿನಕ್ಕೆ ಟೀಚರು ಹೋಗಿಬಿಟ್ಟರು. ಆ ದಿನ ಇನ್ನೊಂದು ಗಳಿಗೆ ಅವರ ಹತ್ತಿರ ಕೂರಬಹುದಿತ್ತು, ಅಂದು ಸಿಟ್ಟಿನಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎನ್ನಬಹುದಿತ್ತು ಎಂದು ಈಗಲೂ ಅನ್ನಿಸುತ್ತದೆ. ಮಣ್ಣು ಮುಗಿಸಿಕೊಂಡು ಮನೆಗೆ ಬಂದಾಗ ರಾಯಚೂರಿನಿಂದ ಫೋನು ಬಂತು. ಪಾರ್ಸೆಲು ತಲುಪಿದೆ, ಅಜ್ಜಿ ಆಗಲೇ ತೊಟ್ಟುಕೊಂಡು ಹೊರಗೆ ಕೂತಿದ್ದಾರೆ ಎಂದರು.