ಎಲ್ಲರೂ ಉಡಚಮ್ಮ

ದಾವಣಗೆರೆ ಕೋರ್ಟಿನ ವರಾಂಡದಲ್ಲಿ ಉಡಚಮ್ಮ ಕೂತರೆ ಬೆಂಚೆಲ್ಲ ಅವಳದೇ. ಮೂಲೆಯಲ್ಲಿ ಉಳಿಯುವ ಗೇಣು ಜಾಗ ಅವಳು ಅವತ್ತು ಕರೆತಂದ ಹುಡುಗಿಗೆ. ಉಡಚಮ್ಮ ಶಾಮನೂರಿನವಳು, ಕಾನೂನು ನೆರವಿನ ಸ್ವಯಂಸೇವಕಿ. ಏನಾಯಿತೆಂದು ಯಾರನ್ನೂ ಕೇಳುವವಳಲ್ಲ, "ತಿಂಡಿ ಆತೇನವ್ವ?" ಎಂದು ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾಳೆ. ಅತ್ಯಾಚಾರದ ಕೇಸಿನಲ್ಲಿ ನೊಂದವಳ ಹೆಸರು ಹೊರಬೀಳಬಾರದು ಎಂಬ ಕಾನೂನನ್ನು ತರಬೇತಿಯಲ್ಲಿ ಕೇಳಿದಾಗಿನಿಂದ ಅವಳಿಗೆ ಅದೇ ವ್ರತ. ಆರೋಪಿಯ ನೆಂಟರಿರಲಿ, ಟೀ ಮಾರುವವನಿರಲಿ, "ಈ ಹುಡುಗಿ ಹೆಸರೇನ್ರಿ?" ಎಂದರೆ ಉತ್ತರ ಒಂದೇ, "ಉಡಚಮ್ಮ." "ನಿಮ್ದಲ್ರಿ, ಈಕಿದು." "ಈಕಿದೂ ಅದೇ." ಬಾತಿಯವಳೂ ಉಡಚಮ್ಮ, ಕೊಕ್ಕನೂರಿನವಳೂ ಉಡಚಮ್ಮ, ಜೀನ್ಸ್ ತೊಟ್ಟ ಕಾಲೇಜು ಹುಡುಗಿಯೂ ಉಡಚಮ್ಮ. ಕೋರ್ಟಿನ ಜವಾನನಿಗಂತೂ ಜಿಲ್ಲೆಯ ಹೆಣ್ಣುಮಕ್ಕಳಿಗೆಲ್ಲ ಒಂದೇ ಹೆಸರೇನೋ ಎಂಬ ಅನುಮಾನ ಬಂದಿದೆ. "ಈಗಿನ ಹುಡುಗೇರಿಗೆ ಯಾರ್ರಿ ಈ ಹೆಸರಿಡ್ತಾರೆ?" ಎಂದು ಟೀಯವನು ನಕ್ಕರೆ, "ಬೇಕಂದ್ರೆ ನಿನಗೂ ಇಡ್ತೀನಿ, ಸುಮ್ನೆ ಟೀ ಕೊಡು" ಎನ್ನುತ್ತಾಳೆ. ಕೇಸು ಮುಗಿದ ಮೇಲೆ ಆ ಹುಡುಗಿಯರು ಎಲ್ಲಿ ಎದುರಾದರೂ ಅವಳು ಗುರುತು ತೋರಿಸುವುದಿಲ್ಲ. ತನ್ನ ಪರಿಚಯವೇ ಅವರ ಗುಟ್ಟು ಬಯಲು ಮಾಡೀತು ಎಂಬ ಅಂಜಿಕೆ. ಮೊನ್ನೆ ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ "ಉಡಚಮ್ಮಾ!" ಎಂದು ಕೂಗಿದರು. ಅವಳು ತಿರುಗಿದಳು. ಗೆಳತಿಯರ ಜೊತೆ ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದ ಹುಡುಗಿಯೊಬ್ಬಳೂ ತಿರುಗಿದಳು. "ನೀ ಯಾವಾಗ ಉಡಚಮ್ಮ ಆದ್ಯೇ?" ಎಂದು ಗೆಳತಿಯರು ನಕ್ಕರು. ಹುಡುಗಿಯೂ ನಕ್ಕಳು. ಉಡಚಮ್ಮ ಆ ಕಡೆ ನೋಡದೆ ಬಸ್ಸು ಹತ್ತಿ ಕೂತಳು, ಪಕ್ಕದಲ್ಲಿ ಗೇಣು ಜಾಗ ಬಿಟ್ಟು.