ಮಂಡಿಯ ಕೆಳಗೆ ಕಾಣದ ನಾಳ

2004ರಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದೆ. ಬಂಟ್ವಾಳದಿಂದ ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದು, ಸಂಜೆಯವರೆಗೆ ಕತ್ತಲೆ ಕೋಣೆಯಲ್ಲಿ ಕುಳಿತು ಊರವರ ಒಳಗನ್ನು ನೋಡುವ ಕೆಲಸ. ಸಾಕಾಗಿತ್ತು ಎನ್ನಲು ನನಗೆ ನಾಚಿಕೆಯಿಲ್ಲ.

ವೇಣೂರಿನ ಮೊಯಿದಿನಬ್ಬ ಬಂದದ್ದು ಆಗ. ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುವವರು. ಸಕ್ಕರೆ ಕಾಯಿಲೆ, ಮೇಲಿಂದ ಬೀಡಿ. ಬಲಗಾಲಿನ ಹೆಬ್ಬೆರಳು ಕಪ್ಪಾಗಿತ್ತು. ಮಂಡಿಯ ಕೆಳಗೆ ತೆರೆದಿರುವ ರಕ್ತನಾಳ ಒಂದಾದರೂ ಸಿಕ್ಕಿದರೆ ಬೈಪಾಸ್ ಮಾಡಿ ಕಾಲು ಉಳಿಸಬಹುದು, ಇಲ್ಲದಿದ್ದರೆ ಕತ್ತರಿಸಬೇಕು. ಮಾಮೂಲಿ ಆಂಜಿಯೋಗ್ರಾಮಿನ ಅಯೋಡಿನ್ ಡೈ ಅವರ ಮೈಗೆ ಆಗುತ್ತಿರಲಿಲ್ಲ. ಹಾಗಾಗಿ ಎಂಆರ್ ಆಂಜಿಯೋಗ್ರಫಿ: ಗ್ಯಾಡೊಲಿನಿಯಂ ಎಂಬ ಬೇರೆ ಡೈಯನ್ನು ಕೈಯ ನರಕ್ಕೆ ಕೊಟ್ಟು, ಅದು ಕಾಲಿನ ಅಪಧಮನಿಗಳಲ್ಲಿ ಇಳಿಯುವ ಹೊತ್ತಿಗೆ ಸರಿಯಾಗಿ ಚಿತ್ರ ತೆಗೆಯುವುದು.

ಚಿತ್ರ ಕೆಟ್ಟುಹೋಯಿತು. ಸೋಂಕಾದ ಕಾಲಿನಲ್ಲಿ ರಕ್ತ ಬೇಗ ಹಿಂತಿರುಗುತ್ತದೆ. ಯಂತ್ರ ಹೊಟ್ಟೆ, ತೊಡೆ ಮುಗಿಸಿ ಮಂಡಿಯ ಕೆಳಗೆ ಬರುವಷ್ಟರಲ್ಲಿ, ರಕ್ತವನ್ನು ಮೇಲೆ ಒಯ್ಯುವ ಅಭಿಧಮನಿಗಳಿಗೂ ಡೈ ತುಂಬಿ ಎಲ್ಲ ಕಲಸುಮೇಲೋಗರ.

“ಕಾಣದ ನಾಳಕ್ಕೆ ಹೊಲಿಗೆ ಹಾಕುವುದು ಹೇಗೆ? ಕತ್ತರಿಸುವ,” ಎಂದರು ಸರ್ಜನ್.

ಮೊಯಿದಿನಬ್ಬ ನನ್ನ ಕೋಣೆಯ ಬಾಗಿಲಿಗೇ ಬಂದರು. “ಒಂದು ಕಾಲಲ್ಲಿ ಸೈಕಲ್ ತುಳಿಯುದು ಹೇಗೆ ಡಾಕ್ಟ್ರೇ? ಬೇರೆ ದಾರಿ ಉಂಟಾ?”

ನನಗೆ ಯಂತ್ರದ ಮೇಲೆ ಸಿಟ್ಟು ಬಂತು. ಎರಡು ದಿನ ಬಿಟ್ಟು ಕ್ರಮವನ್ನೇ ಬದಲಿಸಿದೆವು. ಮೊದಲು ಮಂಡಿಯ ಕೆಳಗಿನ ಚಿತ್ರ, ಉಳಿದದ್ದು ಆಮೇಲೆ. ತೊಡೆಗೆ ಬಿಪಿ ಪಟ್ಟಿ ಸುತ್ತಿ ಅರವತ್ತರಷ್ಟು ಒತ್ತಡ ಕೊಟ್ಟೆವು. ಅಷ್ಟಕ್ಕೆ ಅಪಧಮನಿ ಬಗ್ಗುವುದಿಲ್ಲ. ಹಿಂತಿರುಗುವ ರಕ್ತ ಮಾತ್ರ, ತೋಡಿನ ನೀರಿಗೆ ಕಟ್ಟ ಹಾಕಿದ ಹಾಗೆ, ತಡೆದು ನಿಲ್ಲುತ್ತದೆ. ಒತ್ತಡ ತೋರಿಸುವ ಗೇಜಿನ ಲೋಹವನ್ನು ಯಂತ್ರದ ಅಯಸ್ಕಾಂತ ಎಳೆದುಕೊಂಡೀತೆಂದು, ಪಟ್ಟಿಗೆ ಉದ್ದದ ರಬ್ಬರ್ ನಳಿಕೆ ಜೋಡಿಸಿ ಗೇಜನ್ನು ಕೋಣೆಯ ಹೊರಗಿಟ್ಟೆವು.

“ಇದು ಆಗುವಂಥದ್ದಾ ಮೇಡಂ?” ಎಂದಳು ಟೆಕ್ನಿಷಿಯನ್ ಶಾಲಿನಿ.

“ನೋಡುವ,” ಎಂದೆ.

ಪರದೆಯ ಮೇಲೆ ಪಾದದವರೆಗೆ ಇಳಿದ ಒಂದು ಸಪೂರ ಗೆರೆ ಕಂಡಿತು. ಸರ್ಜನ್‌ಗೆ ಅಷ್ಟು ಸಾಕಾಯಿತು. ಹೋದದ್ದು ಹೆಬ್ಬೆರಳು ಮಾತ್ರ. ಕೆಲವು ತಿಂಗಳಲ್ಲಿ ಮೊಯಿದಿನಬ್ಬ ಮತ್ತೆ ಸೈಕಲ್ ಹತ್ತಿದರು. ನಾನು ಸ್ವಲ್ಪ ಬೀಗಿದ್ದೂ ಹೌದು.

ಎರಡು ವರ್ಷ ಕಳೆದು ಅವರು ಪುನಃ ಬಂದರು. ಈ ಸಲ ಎಡಗಾಲು.

“ಬೀಡಿ ಬಿಡ್ಲಿಲ್ವಾ?” ಎಂದು ಗದರಿದೆ.

“ಬಿಟ್ಟಿದ್ದೆ ಡಾಕ್ಟ್ರೇ, ಮತ್ತೆ ಶುರುವಾಯ್ತು. ಆಚೆ ಕಾಲು ಉಳಿಸಿದ ಹಾಗೆ ಇದನ್ನೂ ನೀವು ಉಳಿಸ್ತೀರಿ ಅಂತ ಒಂದು ಧೈರ್ಯ.”

ಅವರನ್ನು ಯಂತ್ರದಲ್ಲಿ ಮಲಗಿಸಿದೆವು. ಆ ಎರಡು ವರ್ಷಗಳಲ್ಲಿ ಪಟ್ಟಿ ಕಟ್ಟುವ ಕ್ರಮ ನಮಗೆ ಪಳಗಿತ್ತು. ಚಿತ್ರ ಹಿಂದೆಂದೂ ಬಾರದಷ್ಟು ಶುಭ್ರವಾಗಿ ಬಂತು. ಅಭಿಧಮನಿಗಳ ಅಡ್ಡಿ ಒಂದಿಷ್ಟೂ ಇರಲಿಲ್ಲ. ಮಂಡಿಯ ಕೆಳಗೆ ತೆರೆದಿರುವ ಅಪಧಮನಿಯೂ ಇರಲಿಲ್ಲ.

ತಂತ್ರ ಸುಧಾರಿಸಿದರೆ ಸುದ್ದಿಯೂ ಸುಧಾರಿಸುತ್ತದೆಂದು ನಾನು ಎಲ್ಲೋ ಒಳಗೆ ನಂಬಿದ್ದೆ. ಸುಧಾರಿಸುವುದು ಚಿತ್ರ ಮಾತ್ರ ಎಂದು ಈ ಕೆಲಸ ಕಲಿಸಿತು. ಮಬ್ಬು ಚಿತ್ರದಲ್ಲಿ ಆಸೆಗೆ ಸ್ವಲ್ಪ ಜಾಗವಾದರೂ ಇರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಧೈರ್ಯದಿಂದ ಕುಳಿತಿದ್ದ ಮೊಯಿದಿನಬ್ಬರಿಗೆ, ಈ ಕಾಲು ಉಳಿಸಲು ಇನ್ನು ಏನೂ ಮಾಡುವ ಹಾಗಿಲ್ಲ, ಕತ್ತರಿಸಬೇಕು ಎಂದು ನಾನೇ ಹೋಗಿ ಹೇಳಿದೆ.